ಓದುಗರ ಪ್ರಶ್ನೆ: ತಮಾಷೆಗೆ ಬರೆದದ್ದನ್ನು ಓದಿಕೊಂಡವರೂ ಸುದ್ದಿ ಅಂತ ನಂಬೋದು ಯಾಕೆ?

ಪ್ರಶ್ನೆ: ನಮ್ಮ ವಾಟ್ಸಾಪ್ ಗ್ರೂಪಿಗೆ ಬರುವ ಎಷ್ಟೋ ರಾಜಕೀಯ ಸುದ್ದಿಗಳು ಆಮೇಲೆ ನೋಡಿದರೆ ಯಾರೋ ವ್ಯಂಗ್ಯಕ್ಕೆ ಬರೆದವಾಗಿರುತ್ತವೆ. ಮೇಷ್ಟ್ರುಗಳು, ವಕೀಲರು ಕೂಡ ನಿಜ ಅಂತಲೇ ಹಂಚುತ್ತಾರೆ. ಯಾಕೆ ಹೀಗೆ? ಪತ್ತೆ ಹಚ್ಚೋದು ಹೇಗೆ? (ಮುಳಬಾಗಿಲು ಕಡೆಯ ಓದುಗರಿಂದ)

ಚುನಾವಣೆ ಹತ್ತಿರ ಬಂದಾಗೆಲ್ಲ ಈ ಪ್ರಶ್ನೆ ಬರುತ್ತದೆ. ಜನಕ್ಕೆ ಬುದ್ಧಿಯಿಲ್ಲ ಅಂದುಬಿಟ್ಟರೆ ಸುಲಭ, ಆದರೆ ಅದು ನಿಜವಲ್ಲ. ಈ ಸಾಲು ಓದಿ: "ಎತ್ತಿನಹೊಳೆ ನೀರು ಹೊಸಕೋಟೆ ಟೋಲ್‌ವರೆಗೆ ಬಂತು, ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ಅಲ್ಲೇ ನಿಂತಿದೆ." ನಾನು ಈಗಷ್ಟೇ ಕಟ್ಟಿದ ಸುದ್ದಿ ಇದು. ಕೋಲಾರ ಜಿಲ್ಲೆಯಲ್ಲಿ ಇದನ್ನು ನಂಬುವವರು ಸಿಗಲಾರರು. ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದ್ದು, 8 ಸಾವಿರ ಚಿಲ್ಲರೆ ಕೋಟಿಯ ಅಂದಾಜು 23 ಸಾವಿರ ಕೋಟಿ ದಾಟಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆಯಾಗಿದ್ದು, ಎಲ್ಲ ಇಲ್ಲಿ ಟೀ ಅಂಗಡಿ ಮಾತು. ಒಳಹೊರಗು ಗೊತ್ತಿದ್ದವರಿಗೆ ಕುಟುಕು ಎಲ್ಲಿದೆ ಅಂತ ತಕ್ಷಣ ಹೊಳೆಯುತ್ತದೆ.

ನಾವು ಬೀಳೋದು ದೂರದ ಸುದ್ದಿಗೆ. ಫೇಕಿಂಗ್ ನ್ಯೂಸ್ ಅಂತ ಒಂದು ತಾಣ. ಹೆಸರಲ್ಲೇ ಎಲ್ಲ ಹೇಳಿಕೊಂಡಿದೆ. 370ನೇ ವಿಧಿ ತೆಗೆದರೆ ಭೂಕಂಪವಾಗಿ ಕಾಶ್ಮೀರ ಭಾರತದಿಂದ ಬೇರೆಯಾಗುತ್ತದೆ ಎಂದು ಅಲ್ಲಿನ ನಾಯಕ ಒಮರ್ ಅಬ್ದುಲ್ಲಾ ಹೇಳಿದರಂತೆ ಅಂತ ಅದು 2014ರಲ್ಲಿ ತಮಾಷೆ ಬರೆಯಿತು. 2020ರ ಫೆಬ್ರವರಿ 6ರಂದು ಲೋಕಸಭೆಯಲ್ಲಿ ಪ್ರಧಾನಿ ಮೋದಿ ಅದನ್ನು ಒಮರ್ ಅವರ ಮಾತೆಂದೇ ಉಲ್ಲೇಖಿಸಿದರು. ಪ್ರಧಾನಿಯ ಭಾಷಣದೊಳಕ್ಕೇ ಇದು ನುಸುಳಬಹುದು ಅಂದಮೇಲೆ ಮುಳಬಾಗಿಲಿನ ಮೇಷ್ಟ್ರನ್ನು ಬೈದು ಏನು ಪ್ರಯೋಜನ?

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ 'ದಿ ಆನಿಯನ್' ವಿಡಂಬನೆಗೆಂದೇ ಇರುವ ಪತ್ರಿಕೆ. ಮಡಚುವ ಛಾವಣಿಯ ಹೊಸ ಸಂಸತ್ ಭವನ ಕಟ್ಟಿಕೊಡದಿದ್ದರೆ ಅಮೆರಿಕದ ಕಾಂಗ್ರೆಸ್ ವಾಷಿಂಗ್ಟನ್ ಬಿಟ್ಟು ಹೋಗುತ್ತದೆ ಅಂತ ಅದು ಬರೆದದ್ದನ್ನು 2002ರಲ್ಲಿ ಬೀಜಿಂಗ್ ಈವ್ನಿಂಗ್ ನ್ಯೂಸ್ ಸುದ್ದಿಯಾಗಿ ಅಚ್ಚು ಹಾಕಿತು. 2009ರಲ್ಲಿ ಬಾಂಗ್ಲಾದೇಶದ ಎರಡು ಪತ್ರಿಕೆಗಳು ಆನಿಯನ್ ಬರಹವನ್ನೇ ನಂಬಿ, ಚಂದ್ರನ ಮೇಲೆ ಇಳಿದದ್ದು ನಾಟಕ ಅಂತ ನೀಲ್ ಆರ್ಮ್‌ಸ್ಟ್ರಾಂಗೇ ಒಪ್ಪಿಕೊಂಡರು ಎಂದು ಬರೆದು ಆಮೇಲೆ ಕ್ಷಮೆ ಕೇಳಿದವು. 2012ರಲ್ಲಿ ಕಿಮ್ ಜಾಂಗ್ ಉನ್ ಜಗತ್ತಿನ ಅತಿ ಮಾದಕ ಗಂಡಸು ಎಂಬ ಆನಿಯನ್ ಲೇವಡಿಯನ್ನು ಚೀನಾದ ಪೀಪಲ್ಸ್ ಡೈಲಿ ತಾಣ 55 ಫೋಟೋಗಳ ಸಮೇತ ಹೊಗಳಿ ಹಾಕಿತು. ವಾಷಿಂಗ್ಟನ್‌ನವರ ಕಣ್ಣಿಗೆ ಮೊದಲ ಸಾಲಿಗೇ ಬೀಳುವ ಕುಚೋದ್ಯ ಬೀಜಿಂಗ್‌ಗೆ, ಢಾಕಾಗೆ ಹೋಗುವಷ್ಟರಲ್ಲಿ ಮಾಯ.

ದೂರ ಒಂದೇ ಕಾರಣವಲ್ಲ. ಸುದ್ದಿಯಲ್ಲಿರುವ ಮನುಷ್ಯನ ಬಗ್ಗೆ ನಮಗೆ ಮೊದಲೇ ಒಂದು ಲೆಕ್ಕಾಚಾರ ಇರಬೇಕು: "ಇವರು ಅಂದರೂ ಅಂದಾರು!" ಸ್ಟೀಫನ್ ಕೋಲ್ಬೇರ್ ಅಮೆರಿಕದ ಟಿವಿಯಲ್ಲಿ ಬಲಪಂಥೀಯ ನಿರೂಪಕನ ಸೋಗು ಹಾಕಿ ಬಲಪಂಥೀಯರನ್ನೇ ಗೇಲಿ ಮಾಡುತ್ತಿದ್ದರು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡ, ಬಲ ಎರಡೂ ಕಡೆಯವರು ಆ ಕಾರ್ಯಕ್ರಮಕ್ಕೆ ಸಮನಾಗಿ ನಕ್ಕಿದ್ದರು. ಆದರೆ ಎಡಪಂಥೀಯರಿಗಿಂತ ಬಲಪಂಥೀಯರಿಗೆ ಹೆಚ್ಚಾಗಿ ಅನ್ನಿಸಿದ್ದು, ಈತ ತಮಾಷೆ ಮಾಡುವಂತೆ ನಟಿಸುತ್ತಿದ್ದಾನೆ, ಹೇಳುವುದೆಲ್ಲ ಮನಸ್ಸಿನ ಮಾತೇ ಅಂತ. ನಕ್ಕವರೆಲ್ಲ ಒಂದೇ ಜೋಕಿಗೆ ನಕ್ಕಿರಲಿಲ್ಲ.

ಇನ್ನು ಫೋನಿನ ಪಾಲು. ಮೂಡಲಪಾಯ ಯಕ್ಷಗಾನದಲ್ಲಿ ಕೋಡಂಗಿ ರಾಜನಿಗೇ ಎದುರು ಮಾತಾಡಿದರೂ ಯಾರೂ ಗಾಬರಿ ಬೀಳುವುದಿಲ್ಲ, ವೇಷವೇ ಹೇಳಿಬಿಡುತ್ತದೆ. ಸ್ಕ್ರೀನ್‌ಶಾಟ್ ಆ ವೇಷ ಕಳಚಿ ಮಾತನ್ನಷ್ಟೇ ಕಳಿಸುತ್ತದೆ. ಮೊದಲ ಕೈಯಲ್ಲಿ ಮೂಲೆಯಲ್ಲಿದ್ದ ಪೇಜಿನ ಹೆಸರು ಕತ್ತರಿಸಿ ಹೋಗುತ್ತದೆ. ಇನ್ನೊಬ್ಬರು ಹಿಂದಿಯಿಂದ ಕನ್ನಡಕ್ಕೆ ತರುತ್ತಾರೆ, ಕೊಂಕು ಅಲ್ಲೇ ಉದುರುತ್ತದೆ. ಮೂರನೆಯವರು ಕೆಂಪು ಪಟ್ಟಿ, ಹಳದಿ ಅಕ್ಷರದ 'ಬ್ರೇಕಿಂಗ್' ಚೌಕಟ್ಟು ಹಾಕಿ, ಕೆಳಗೆ "ಎಲ್ಲರಿಗೂ ತಲುಪಿಸಿ" ಅಂತ ಸೇರಿಸುತ್ತಾರೆ. ಮೊದಲು ಬರೆದವರದು ತಮಾಷೆ ಇರಬಹುದು. ಈ ಮೂರನೆಯವರದು ಖಂಡಿತ ಅಲ್ಲ.

ಹಾಗಾದರೆ ನಂಬಲಾಗದ್ದೆಲ್ಲ ವ್ಯಂಗ್ಯ ಅಂದುಕೊಳ್ಳೋಣವೇ? ಕೋಲಾರದಲ್ಲಿ ಕೂತು ಹಾಗೆ ಹೇಳುವ ಹಾಗಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತಂದು ನಮ್ಮ ಕೆರೆ ತುಂಬಿಸುತ್ತಾರೆ ಅಂತ ಮೂವತ್ತು ವರ್ಷದ ಹಿಂದೆ ಯಾರಾದರೂ ಬರೆದಿದ್ದರೆ ಬಿದ್ದುಬಿದ್ದು ನಗುತ್ತಿದ್ದೆವು. ಅದೇ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಬಂತು, ನರಸಾಪುರ ಬಳಿಯ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಕೋರ್ಟಿಗೂ ಹೋಯಿತು. ವಿಡಂಬನೆ ಬರೆಯುವವರ ಹೊಟ್ಟೆಗೆ ಹೊಡೆಯೋದು ಸರ್ಕಾರಗಳೇ.

ಆದ್ದರಿಂದ "ಹೀಗಾಗಲು ಸಾಧ್ಯವೇ?" ಅಂತ ಕೇಳಿ ಫಲವಿಲ್ಲ. "ಮೊದಲು ಹೇಳಿದ್ದು ಯಾರು?" ಅಂತ ಕೇಳಿ. ಚಿತ್ರದಲ್ಲಿ ಹೆಸರಿಲ್ಲದಿದ್ದರೆ ಅದನ್ನೇ ಗೂಗಲ್ ಲೆನ್ಸ್‌ಗೆ ಹಾಕಿ, ಕತ್ತರಿಸದ ಮೂಲ ಎಷ್ಟೋ ಸಲ ಸಿಗುತ್ತದೆ. ಆ ಪೇಜಿನ ಉಳಿದ ಬರಹಗಳನ್ನೂ ಓದಿ, ನಾಲ್ಕನೆಯದರ ಹೊತ್ತಿಗೆ ಬಣ್ಣ ಬಯಲಾಗುತ್ತದೆ. ನಾಯಕರ ಮಾತಾಗಿದ್ದರೆ ಎಲ್ಲಿ, ಯಾವ ಸಭೆಯಲ್ಲಿ ಆಡಿದ್ದು ಅಂತ ನೋಡಿ. ಈಗ ಗ್ರಾಮಸಭೆಯಲ್ಲೂ ಹತ್ತು ಜನ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಒಂದೇ ಒಂದು ವಿಡಿಯೋ ಇಲ್ಲದ ಸ್ಫೋಟಕ ಹೇಳಿಕೆ ಅಂದರೆ ಅನುಮಾನ ಪಡಲೇಬೇಕು. ಏಪ್ರಿಲ್ 1ರ ತಾರೀಕಂತೂ ಮರೆಯಬೇಡಿ.

ಮೇಲೆ 'ಇದು ತಮಾಷೆ' ಅಂತ ಹಾಕಿಬಿಟ್ಟರೆ ಆಗದೇ ಅಂತ ಕೆಲವರು ಕೇಳುತ್ತಾರೆ. 2014ರಲ್ಲಿ ಫೇಸ್‌ಬುಕ್ ಅಂಥ ಹಣೆಪಟ್ಟಿ ಹಚ್ಚಿ ನೋಡಿತ್ತು. ಓದುವವರು ಒಂದು ಕ್ಷಣ ನಿಜವೆಂದುಕೊಂಡರೆ ತಾನೇ ವಿಡಂಬನೆಗೆ ಬಲ ಎಂದು ಆನಿಯನ್ 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೇ ಬರೆದುಕೊಟ್ಟಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಪಟ್ಟಿ ಹಚ್ಚಿದ ಜೋಕಿಗೆ ನಗು ಬರೋದಿಲ್ಲ, ಹಚ್ಚಿದರೂ ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿ ಹೋಗುವುದು ಮೊದಲು ಅದೇ.

ಕಾನೂನು ಏನನ್ನುತ್ತದೆ? 2025ರ ಜೂನ್‌ನಲ್ಲಿ ಹೊರಬಂದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಏಳು ವರ್ಷದವರೆಗೆ ಜೈಲಿನ ಮಾತಾಡಿತ್ತು. ತಪ್ಪು ಮಾಹಿತಿಯ ವ್ಯಾಖ್ಯೆಯಿಂದ ವಿಡಂಬನೆ, ಹಾಸ್ಯಗಳನ್ನು ಹೊರಗಿಟ್ಟಿತ್ತು ನಿಜ, ಆದರೆ ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅದನ್ನು ನಿಜಸಂಗತಿ ಅಂದುಕೊಳ್ಳದಿದ್ದರೆ ಮಾತ್ರ. ಆ ವಿವೇಕಿಯನ್ನು ಎಲ್ಲಿಂದ ಹಿಡಿದು ತರೋದು? ಎತ್ತಿನಹೊಳೆ ಜೋಕಿಗೆ ಮುಳಬಾಗಿಲಿನ ವಿವೇಕಿ ನಗುತ್ತಾರೆ, ದೆಹಲಿಯ ವಿವೇಕಿ ಟೋಲ್‌ನವರನ್ನು ಬೈಯುತ್ತಾರೆ.

ಈಗಾಗಲೇ ಹಂಚಿಬಿಟ್ಟಿದ್ದರೆ ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ. ನಿಮ್ಮ ಗ್ರೂಪಿನಲ್ಲಿ ಅಳಿಸಿದರೂ ಅಲ್ಲಿಂದ ಫಾರ್ವರ್ಡ್ ಆದ ಪ್ರತಿಗಳು ಬೇರೆ ಗ್ರೂಪುಗಳಲ್ಲಿ ಹಾಗೇ ಇರುತ್ತವೆ. ಅದೇ ಮೆಸೇಜಿಗೆ ರಿಪ್ಲೈ ಕೊಟ್ಟು "ಇದು ವ್ಯಂಗ್ಯ ಬರಹ, ಮೂಲ ಇಲ್ಲಿದೆ" ಅಂತ ಲಿಂಕ್ ಹಾಕಿ. ಅದನ್ನು ಮುಂದಕ್ಕೆ ಕಳಿಸಿದವರು ಯಾರಾದರೂ ಗೊತ್ತಿದ್ದರೆ ಅವರಿಗೂ ಬೇರೆಯಾಗಿ ಕಳಿಸಿ.