'ಬರೇ ಕ್ರ್ಯಾಕ್' ಅಂದರೂ ಫ್ರ್ಯಾಕ್ಚರ್ರೇ

"ಏನಿಲ್ಲ ಬಿಡ್ರಿ, ಫ್ರ್ಯಾಕ್ಚರ್ ಆಗಿಲ್ಲಂತ. ಬರೇ ಕ್ರ್ಯಾಕ್ ಬಿಟ್ಟೈತಿ." ಹುಬ್ಬಳ್ಳಿ-ಧಾರವಾಡದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡವರನ್ನು ಮಾತಾಡಿಸಿದರೆ ಈ ಮಾತು ಬಂದೇ ಬರುತ್ತದೆ. ಮೊನ್ನೆ ವಾಟ್ಸಾಪ್ ಗ್ರೂಪಿನಲ್ಲೂ ಅದೇ, ಕೆಳಗೆ ಸಾಲಾಗಿ "ದೇವರು ದೊಡ್ಡಾಂವ". ದೇವರು ದೊಡ್ಡವನೇ, ಆದರೆ ಕ್ರ್ಯಾಕ್ ಕೂಡ ಫ್ರ್ಯಾಕ್ಚರ್ರೇ. ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ವೈದ್ಯರ ಲೆಕ್ಕದಲ್ಲಿ ಅದರ ಹೆಸರು ಅದೇ.

ಪದದ ಮೂಲ ಲ್ಯಾಟಿನ್ನಿನ 'ಫ್ರಾಂಗೆರೆ', ಅಂದರೆ ಮುರಿ, ಒಡೆ. ಗಣಿತದಲ್ಲಿ ನಮ್ಮ ತಲೆ ತಿಂದ ಫ್ರ್ಯಾಕ್ಷನ್, ಗಾಜಿನ ಸಾಮಾನಿನ ಡಬ್ಬದ ಮೇಲಿನ ಫ್ರಜೈಲ್, ಎಲ್ಲ ಒಂದೇ ಬೇರಿನವು. ಎರಡು ತುಂಡಾಗಲೇಬೇಕು ಅನ್ನೋ ಷರತ್ತು ಎಲ್ಲೂ ಇಲ್ಲ. ಗೊಂದಲ ಹುಟ್ಟಿದ್ದು ನಮ್ಮ 'ಮುರಿತ'ದಿಂದ ಅಂತ ನನಗನಿಸುತ್ತದೆ. ಮುರಿಯಿತು ಅಂದಕೂಡಲೇ ನಮಗೆ ಎರಡು ತುಂಡೇ ಕಣ್ಣಿಗೆ ಬರುತ್ತವೆ. ಹಳಬರಿಗೆ ಈ ಗೊಂದಲ ಇರಲಿಲ್ಲ. ಸುಶ್ರುತ ಸಂಹಿತೆ ಅನ್ನೋ ಹಳೇ ವೈದ್ಯಗ್ರಂಥದಲ್ಲಿ ಎಲುಬು ಮುರಿತಕ್ಕೆ 'ಕಾಂಡಭಗ್ನ' ಅಂತ ಹೆಸರಿಟ್ಟು 12 ಬಗೆ ಎಣಿಸಿದ್ದಾರೆ. ಅದರಲ್ಲಿ ಬಿರುಕು ಬಿಟ್ಟ 'ಸ್ಫುಟಿತ'ವೂ ಇದೆ, ಬೇರೆಯಾಗದೆ ಬರೀ ಬಾಗಿದ 'ವಕ್ರ'ವೂ ಇದೆ. ಈ ವಕ್ರ ಅನ್ನೋದು ಮಕ್ಕಳಲ್ಲಿ ಇವತ್ತಿಗೂ ಕಾಣುವಂಥದ್ದೇ: ಹಸಿ ಬೇವಿನ ಕಡ್ಡಿ ಬಗ್ಗಿಸಿದಾಗ ಒಂದು ಮಗ್ಗುಲು ಸೀಳಿ ಇನ್ನೊಂದು ಹಾಗೇ ಉಳಿಯುತ್ತದಲ್ಲ, ಹಾಗೆ. ಕೀಲು ತಪ್ಪಿದ್ದನ್ನು ಅವರು 'ಸಂಧಿಮುಕ್ತ' ಅಂತ ಬೇರೆಯೇ ಇಟ್ಟರು. ನಾವು ಕೀಲು ತಪ್ಪಿದ್ದು, ಉಳುಕಿದ್ದು, ಕ್ರ್ಯಾಕ್ ಆಗಿದ್ದು ಎಲ್ಲಕ್ಕೂ ಎಣ್ಣೆ ಹಚ್ಚಿ ತಿಕ್ಕುತ್ತೇವೆ.

ಡಾಕ್ಟರನ್ನು ಕೇಳಬೇಕಾದ್ದು ಕ್ರ್ಯಾಕೋ ಫ್ರ್ಯಾಕ್ಚರ್ರೋ ಅಂತಲ್ಲ. "ಎಲುಬು ಸರಿದೈತೇನ್ರಿ?" ಅಂತ ಕೇಳಿ. ಮುಖ್ಯವಾಗಿ ಚಿಕಿತ್ಸೆ ತೀರ್ಮಾನ ಆಗುವುದು ಅದರ ಮೇಲೆ. ಸರಿದಿಲ್ಲದಿದ್ದರೆ ಬಹಳ ಸಲ ಪ್ಲಾಸ್ಟರ್ ಸಾಕು. ಸರಿದಿದ್ದರೆ ಸಾಮಾನ್ಯವಾಗಿ ಎಳೆದು ಕೂಡಿಸಬೇಕು, ಆಮೇಲೆ ಪ್ಲಾಸ್ಟರ್, ಇಲ್ಲವೇ ಆಪರೇಷನ್. ಬಿರುಕು ಕೀಲಿನೊಳಗೆ ಹೋಗಿದ್ದರೆ ಸ್ವಲ್ಪ ಸರಿದದ್ದೂ ಜಾಸ್ತಿಯೇ.

"ಬರೇ ಕ್ರ್ಯಾಕ್" ಅಂತ ಪಟ್ಟಿ ಬಿಚ್ಚಿ ಬೈಕ್ ಹತ್ತುವವರಿಗೆ ಒಂದು ಎಲುಬಿನ ಕಥೆ ಹೇಳಬೇಕು. ಹೆಬ್ಬೆರಳನ್ನು ಮೇಲೆತ್ತಿ ಹಿಗ್ಗಿಸಿ, ಬುಡದಲ್ಲಿ ನರಗಳ ಥರ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ (ಸ್ನಾಯುವಿನ ಹುರಿಗಳ) ನಡುವೆ ಸಣ್ಣ ಕುಳಿ ಬೀಳುತ್ತದೆ. ಅದರ ತಳದಲ್ಲಿದೆ ಸ್ಕ್ಯಾಫಾಯ್ಡ್ ಅನ್ನೋ ಮಣಿಕಟ್ಟಿನ ಸಣ್ಣ ಎಲುಬು. ಹಾವೇರಿ ಕಡೆ ಹೋರಿ ಬೆದರಿಸುವಾಗ ಅಂಗೈ ಊರಿ ಬಿದ್ದವರು ಆ ಕುಳಿ ಒತ್ತಿ ನೋಡಿಕೊಳ್ಳಲಿ. ನೋವಾದರೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ, ನಂಬಬಾರದು. ಈ ಬಿರುಕು ಎಷ್ಟೋ ಸಲ 10-14 ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಕಾಣುತ್ತದೆ. ಈ ಎಲುಬಿಗೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ, ಹಾಗಾಗಿ ನಡುವೆ ಬಿರುಕು ಬಿಟ್ಟರೆ ಮುಂಗೈ ಕಡೆಯ ತುಂಡು ರಕ್ತ ಸಿಗದೆ ಸತ್ತೂ ಹೋಗಬಹುದು.

'ಕಾಂಪೌಂಡ್ ಫ್ರ್ಯಾಕ್ಚರ್' ಅಂದರೆ ಚೂರುಚೂರಾಗಿದ್ದು ಅಂತ ಹೇಳುವವರೂ ಇದ್ದಾರೆ. ಅಲ್ಲ. ಚರ್ಮ ಹರಿದು, ಮುರಿದ ಜಾಗಕ್ಕೆ ಹೊರಗಿನ ಗಾಳಿ-ಧೂಳು ತಾಗುವಂತಾದದ್ದು ಅದು. ಮೇಲೆ ಸಣ್ಣ ತೂತು ಅಷ್ಟೇ ಕಂಡರೂ ಸೋಂಕಿನ ಭಯ ದೊಡ್ಡದು. ತಡ ಮಾಡದೆ ಆಂಟಿಬಯಾಟಿಕ್, ಧನುರ್ವಾಯು ತಡೆಯುವ ಇಂಜೆಕ್ಷನ್, ಆಪರೇಷನ್ ಕೋಣೆಯಲ್ಲಿ ಚೆನ್ನಾಗಿ ತೊಳೆಯುವುದು, ಎಲ್ಲ ಬೇಕು.

ಇನ್ನು ಆಪರೇಷನ್ ಮಾಡಿ ಏನೇ ಕೂರಿಸಿದ್ದರೂ 'ರಾಡ್ ಹಾಕ್ಯಾರ' ಅನ್ನುವ ಮಾತು. ರಾಡ್ ಅಂದರೆ ಉದ್ದ ಎಲುಬಿನ ಒಳಗಿನ ಟೊಳ್ಳಿನಲ್ಲಿ ಇಳಿಸುವಂಥದ್ದು. ಮೇಲೆ ಸ್ಕ್ರೂ ಹಾಕಿ ಕೂರಿಸಿದ್ದು ಪ್ಲೇಟ್. ಯಾವುದೂ ಎಲುಬನ್ನು ಬೆಸೆಯುವುದಿಲ್ಲ, ಪ್ಲಾಸ್ಟರ್ ಕೂಡ. ಅವು ಅಲ್ಲಾಡದಂತೆ ಹಿಡಿಯುತ್ತವೆ ಅಷ್ಟೇ, ಕೂಡುವ ಕೆಲಸ ಎಲುಬಿನದೇ. ದೊಡ್ಡವರ ಮುಂಗೈ ಎಲುಬು ಮಣಿಕಟ್ಟಿನ ಹತ್ತಿರ ಮುರಿದಿದ್ದರೆ ಕೂಡಲು ಸುಮಾರು 6 ವಾರ, ಮೊಣಕಾಲ ಕೆಳಗಿನ ದಪ್ಪ ಎಲುಬಿಗೆ 3-4 ತಿಂಗಳು ಅಥವಾ ಜಾಸ್ತಿ. ಬೀಡಿ-ಸಿಗರೇಟು ಸೇದುವವರಿಗೆ ಇನ್ನೂ ತಡ.

ಡಾಕ್ಟರು ಹಾಕಿದ ಪ್ಲಾಸ್ಟರ್ ಇರಲಿ, ಊರಿನ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟಿದ್ದಿರಲಿ, ಆಮೇಲೆ ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಹೋಗಿ ಕಟ್ಟು ಸಡಿಲಿಸಿಕೊಳ್ಳಿ.