ಕಾರವಾರ ಇನ್ನೊಂದು ಮುಂಬೈ ಯಾಕೆ ಆಗಲಿಲ್ಲ?

ಕಾಳಿ ಸೇತುವೆ ಮೇಲಿಂದ ಪಡುವಣಕ್ಕೆ ನೋಡಿ. ಬಲಕ್ಕೆ ಸದಾಶಿವಗಡದ ಗುಡ್ಡ, ಎಡಕ್ಕೆ ದೂರದಲ್ಲಿ ಬೈತಖೋಲದ ಗುಡ್ಡ, ಎದುರಿಗೆ ಕಡಲಲ್ಲಿ ಕೂರ್ಮಗಡ, ದೇವಗಡ ನಡುಗಡ್ಡೆಗಳು. ಬೇರೆ ಕಡೆ ಕಡಲಿಂದ ದೂರವೇ ಉಳಿಯುವ ಸಹ್ಯಾದ್ರಿ ಇಲ್ಲಿ ನೀರಿಗೇ ಕಾಲು ಇಳಿಬಿಟ್ಟಿದೆ. ಮಳೆಗಾಲದ ತೆರೆ ನುಗ್ಗುವುದು ನೈಋತ್ಯದಿಂದ. ಬೈತಖೋಲದ ಗುಡ್ಡ ಅದಕ್ಕೆ ಬೆನ್ನು ಕೊಟ್ಟಿದೆ. ಅದರ ಮಗ್ಗುಲಲ್ಲಿರುವ ಬಂದರಿನಲ್ಲಿ ಜೂನ್, ಜುಲೈನಲ್ಲೂ ದೋಣಿ ಕಟ್ಟಬಹುದು.

ಈ ಆಸರೆ ಹಡಗಿನವರಿಗೆ ಎಂದೋ ಗೊತ್ತಿತ್ತು. ವಾಸ್ಕೋ ಡ ಗಾಮ 1498ರಲ್ಲಿ ಊರಿಗೆ ಮರಳುವಾಗ ತಂಗಿದ್ದು ಇಲ್ಲೇ ದಕ್ಷಿಣಕ್ಕಿರುವ ಅಂಜುದೀವ್ ನಡುಗಡ್ಡೆಯಲ್ಲಿ. 1638ರಲ್ಲಿ ಇಂಗ್ಲಿಷರು ಮೆಣಸು, ನಯವಾದ ಬಟ್ಟೆಗಾಗಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದರು.

ಮುಂಬೈಗೂ ಈ ಕಡಲಿಗೂ ಒಂದು ವಿಚಿತ್ರ ನಂಟಿದೆ. ಪೋರ್ಚುಗಲ್ ರಾಜಕುಮಾರಿಯ ಮದುವೆಯಲ್ಲಿ ಮುಂಬೈ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಸಿಕ್ಕಿತಲ್ಲ, ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ದಂಡು ತಂದ. ಅಲ್ಲಿದ್ದ ಪೋರ್ಚುಗೀಸರು ಕೊಡಲು ಒಪ್ಪಲಿಲ್ಲ. ಹೋಗಲು ಬೇರೆ ಜಾಗವಿಲ್ಲದೆ ದಂಡು ಅಂಜುದೀವ್‌ನಲ್ಲಿ ಬೀಡುಬಿಟ್ಟಿತು. ಎರಡು ವರ್ಷ ಕಾಯುವಷ್ಟರಲ್ಲಿ ಕಾಯಿಲೆಗೆ ಬಹುಪಾಲು ಸೈನಿಕರು ಸತ್ತರು, ಶಿಪ್‌ಮನ್ ಕೂಡ. ಉಳಿದ ಕೆಲವೇ ಮಂದಿ 1665ರಲ್ಲಿ ಹೋಗಿ ಮುಂಬೈ ಪಡೆದರು.

ಕಾರವಾರದ ದೊಡ್ಡ ಅವಕಾಶ ಬಂದದ್ದು ಎರಡು ಶತಮಾನದ ಮೇಲೆ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ ಸೀಮೆಯ ಹತ್ತಿ ಹೊರಡಲು ಹತ್ತಿರದ ಬಂದರು ಇದೇ. ಇದೇ ಲೆಕ್ಕದಲ್ಲಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ರೈಲಿನ ಮಾತೂ ಎದ್ದಿತು. ಆದರೆ 1880ರ ದಶಕದಲ್ಲಿ ಘಟ್ಟ ಇಳಿದ ಹಳಿ ಹೋದದ್ದು ಗೋವಾದ ಮರ್ಮಗೋವಾಕ್ಕೆ. ಹತ್ತಿ ಅದರ ಹಿಂದೆಯೇ ಹೋಯಿತು. ನನ್ನ ಕೇಳಿದರೆ ಕಾರವಾರ ಸೋತದ್ದು ಅಲ್ಲೇ. ತೆರೆ ತಡೆದ ಗುಡ್ಡವೇ ದಾರಿಯನ್ನೂ ತಡೆದಿತ್ತು ನೋಡಿ. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಆಗಿಲ್ಲ, ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ.

ವ್ಯಾಪಾರಕ್ಕೆ ಅಡ್ಡಿಯಾದ ಗುಡ್ಡ ನೌಕಾಪಡೆಗೆ ಆಸರೆಯಾಯಿತು. ಅಂಜುದೀವ್‌ನಲ್ಲಿ 1961ರ ತನಕ ಪೋರ್ಚುಗೀಸರಿದ್ದರು. ಆ ಡಿಸೆಂಬರಿನಲ್ಲಿ ಅದನ್ನು ಬಿಡಿಸುವಾಗ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. 1986ರಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ ನೆಲೆ. ಅರ್ಗಾ, ಬಿಣಗಾ ಕಡೆಯ ಎಷ್ಟೋ ಮನೆಗಳು ಜಾಗ ಬಿಟ್ಟವು, ಮೀನುಗಾರರಿಗೆ ಕಡಲತೀರ ಕಿರಿದಾಯಿತು.

ಹೀಗಾಗಿಯೇ ಬಂದರನ್ನು ಠಾಗೋರ್ ಕಡಲತೀರದ ಕಡೆಗೆ ಬೆಳೆಸಲು ಹೊರಟಾಗ ಮೀನುಗಾರರು ರೊಚ್ಚಿಗೆದ್ದರು. 2020ರ ಜನವರಿಯಲ್ಲಿ ಬೀದಿಗಿಳಿದರು, ಹೈಕೋರ್ಟ್ ಕೆಲಸಕ್ಕೆ ತಡೆ ಕೊಟ್ಟಿತು. ಅತ್ತ ಚಂಡಮಾರುತದ ಸುದ್ದಿ ಬಂದರೆ ಸಾಕು, ಗೋವಾ, ತಮಿಳುನಾಡಿನ ಮೀನುದೋಣಿಗಳೂ ಬೈತಖೋಲದ ಗುಡ್ಡದ ಮರೆಗೆ ಬಂದು ಲಂಗರು ಹಾಕುತ್ತವೆ.