ಡಿಸ್ಕ್ ಕಳಚಿಟ್ಟರೆ ಮಾತ್ರ ಅದು ಬ್ಯಾಕಪ್

ಮೇ ತಿಂಗಳ ಸಂಜೆ ಒಮ್ಮೆ ಜೋರು ಗುಡುಗಿದರೆ ಸಾಕು, ಮಾರನೇ ದಿನ ಉಡುಪಿಯ ನನ್ನ ಅಂಗಡಿಗೆ ಎರಡು ಮೂರು ಸಿಪಿಯು ಬಂದೇ ಬರುತ್ತವೆ. ಕಳೆದ ವರ್ಷ ಹಾಗೆ ಬಂದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರ ತಂದೆ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಆಡುವ ಯಕ್ಷಗಾನದಲ್ಲಿ ಪಾತ್ರದ ಮಾತು ಆಡುವವರು. ಹಳೆ ಕ್ಯಾಸೆಟ್‌ಗಳಲ್ಲಿದ್ದ ತಂದೆಯ ಅರ್ಥವನ್ನೆಲ್ಲ ಮೇಷ್ಟ್ರು ಕೂತು ಕಂಪ್ಯೂಟರಿಗೆ ಹಾಕಿದ್ದರು.

"ಕಂಪ್ಯೂಟರ್ ಹೋದರೆ ಹೋಗಲಿ ಮಾರಾಯ್ರೆ, ಬ್ಯಾಕಪ್ ಉಂಟು" ಎಂದು ಚೀಲದಿಂದ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದರು. ಹಚ್ಚಿ ನೋಡಿದೆ. ಲೈಟೇ ಬರಲಿಲ್ಲ. ಮೇಲಿನ ಪ್ಲಾಸ್ಟಿಕ್ ಬಿಚ್ಚಿದರೆ ಬೋರ್ಡಿನ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ, ಸುಟ್ಟ ವಾಸನೆ. ಆ ಡಿಸ್ಕ್ ತಂದ ದಿನದಿಂದ ಸಿಪಿಯು ಹಿಂದೆಯೇ ಸಿಕ್ಕಿಸಿಕೊಂಡಿತ್ತು. ಸಿಡಿಲಿನ ಕರೆಂಟು ಎಸ್‌ಎಂಪಿಎಸ್ (ಸಿಪಿಯು ಒಳಗೆ ಕರೆಂಟು ಹಂಚುವ ಡಬ್ಬಿ) ದಾಟಿ ಮದರ್‌ಬೋರ್ಡಿಗೆ ಬಂದು, ಅಲ್ಲಿಂದ ಯುಎಸ್‌ಬಿ ವೈರ್ ಹಿಡಿದು ಡಿಸ್ಕಿಗೂ ಹೋಗಿತ್ತು.

ಅಂಥದ್ದೇ ಇನ್ನೊಂದು ಬೋರ್ಡ್ ತಂದು ಹಾಕಿದರೆ ಆಗಲಿಕ್ಕಿಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಆಗುವುದಿಲ್ಲ. ಈಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಲೆಕ್ಕಗಳು ಬೋರ್ಡಿನ ಚಿಪ್ಪಿನೊಳಗೇ ಇರುತ್ತವೆ. ಆ ಚಿಪ್ಪನ್ನು ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಒಳಗೆ ಡೇಟಾ ಓದುವ, ಬರೆಯುವ ಹೆಡ್ ಕೂಡ ಹಾಳಾಗಿದ್ದರೆ ಅದು ನನ್ನ ಕೈಯ ಕೆಲಸವೇ ಅಲ್ಲ. ತಿರುಗುವ ತಟ್ಟೆಯ ಮೇಲೆ ಹೆಡ್ ತೇಲುವ ಅಂತರ ಕೆಲವೇ ನ್ಯಾನೋಮೀಟರ್. ತಲೆಕೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಒಂದು ಕಣ ಧೂಳು ಒಳಗೆ ಹೋದರೂ ತಟ್ಟೆ ಗೀರಿ ಹೋಗಬಹುದು. ಯೂಟ್ಯೂಬ್ ನೋಡಿ ಮನೆಯಲ್ಲಿ ಮುಚ್ಚಳ ತೆಗೆಯಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ. ಡಿಸ್ಕ್ ಟಕ್ ಟಕ್ ಅನ್ನಲು ಶುರುಮಾಡಿದರೆ ಪದೇ ಪದೇ ಆನ್ ಮಾಡಿ ನೋಡಲೂ ಬೇಡಿ. ಆಫ್ ಮಾಡಿ, ಹಾಗೇ ತನ್ನಿ.

ನಮ್ಮ ಕರಾವಳಿಯಲ್ಲಿ ಸಿಡಿಲು ಮಳೆಗಾಲದ ಹಿಂದೆಯೂ ಮುಂದೆಯೂ ಜಾಸ್ತಿ. ಯುಪಿಎಸ್ ಇದೆಯಲ್ಲ ಎಂಬ ಧೈರ್ಯ ಹಲವರಿಗೆ. ಅದು ಕರೆಂಟು ಹೋದಾಗ ಹತ್ತು ನಿಮಿಷ ಕಾಯುತ್ತದೆ, ಹತ್ತಿರದಲ್ಲಿ ಬಿದ್ದ ಸಿಡಿಲನ್ನು ತಡೆಯುವುದಿಲ್ಲ. ಮೋಡ ಕಟ್ಟುವಾಗಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಎಳೆಯಬೇಕು. ರೂಟರಿನದ್ದೂ. ಫೈಬರಿನೊಳಗೆ ಕರೆಂಟು ಹರಿಯದು, ಸರಿ. ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿಗೇ ಇರುತ್ತದಲ್ವಾ? ಅಲ್ಲಿಂದ ಲ್ಯಾನ್ ವೈರ್ ನೇರ ಕಂಪ್ಯೂಟರಿಗೆ.

ಸಿಡಿಲು ಬಿಟ್ಟರೆ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್. ಪುಕ್ಕಟೆ ಸಿಗುತ್ತದೆಂದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡವರ ಮನೆಗೆ ಅದು ಬರುವುದು ಹೆಚ್ಚು. ಬಂದರೆ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕಿನ ಫೈಲುಗಳಿಗೂ ಬೀಗ ಬೀಳುತ್ತದೆ. ಹಾಗಾಗಿ ನನ್ನ ಮಾತು ಒಂದೇ. ಕಾಪಿ ಆದ ಮೇಲೆ ಡಿಸ್ಕ್ ಕಳಚಿ. ಸ್ಟೀಲ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಬೇರೆ ಕೋಣೆಯ ಕಪಾಟಿನಲ್ಲಿ ಇಡಿ. ಜುಲೈಯಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ನಮ್ಮದು.

ಕಳಚಿಟ್ಟ ಡಿಸ್ಕ್ ಮರೆತೇ ಹೋಗುತ್ತದೆ ಎನ್ನುವವರಿಗೆ ನಮ್ಮ ಮನೆಯ ಕ್ರಮ ಹೇಳುತ್ತೇನೆ. ಪ್ರತಿ ಸಂಕ್ರಮಣದ ದಿನ ಬ್ಯಾಕಪ್. ಕ್ಯಾಲೆಂಡರಿನಲ್ಲಿ ಇದ್ದೇ ಇದೆ, ಅಮ್ಮ ನೆನಪಿಸಿಯೇ ನೆನಪಿಸುತ್ತಾರೆ. ಮನೆಯಲ್ಲೇ ಲೆಕ್ಕಪತ್ರ ಬರೆಯುವವರಿಗೆ ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ಬೇಕು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಎಂಬುದಿದೆ, ಕಂಟ್ರೋಲ್ ಪ್ಯಾನಲ್‌ನಲ್ಲಿ ಆನ್ ಮಾಡಿದರೆ, ಡಿಸ್ಕ್ ಸಿಕ್ಕಿಸಿರುವಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಎಲ್ಲ ತಾನೇ ತೆಗೆದುಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಇವು ಬೇರೆ ಕಡೆ ಇರಬಹುದು. ಅವನ್ನು ಕೈಯಾರೆ ಕಾಪಿ ಮಾಡಿ.

ಗೂಗಲ್ ಡ್ರೈವ್ ಒಳ್ಳೆಯದೇ. ಆದರೆ ಪುಕ್ಕಟೆ ಸಿಗುವ 15 ಜಿಬಿಯಲ್ಲೇ ಜಿಮೇಲ್, ಫೋಟೋ ಎಲ್ಲ ಹಿಡಿಸಬೇಕು. ಕಂಪ್ಯೂಟರಿನ ಜೊತೆ ಸಿಂಕ್ ಮಾಡಿದ ಫೋಲ್ಡರಿನಲ್ಲಿ ಒಂದು ಫೈಲ್ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ಇನ್ನೊಂದು ಪ್ರತಿ ಮನೆಯಿಂದ ಹೊರಗೇ ಇರಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಲೆಕ್ಕ ಈ ಕೆಲಸದಲ್ಲಿರುವವರೆಲ್ಲ ಹೇಳುವಂಥದ್ದು. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿಯ ತಗ್ಗು ಜಾಗಗಳ ಮನೆಯೊಳಗೆ ನೀರು ನುಗ್ಗಿದಾಗ ಕಂಪ್ಯೂಟರೂ ಕಪಾಟೂ ಒಟ್ಟಿಗೇ ಒದ್ದೆ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಮುಂಬೈಯಲ್ಲೋ ಬೆಂಗಳೂರಿನಲ್ಲೋ ದುಬೈಯಲ್ಲೋ ಒಬ್ಬರು ಇದ್ದೇ ಇರುತ್ತಾರೆ. ಚೌತಿಗೆ ಬಂದಾಗ ಒಂದು ಡಿಸ್ಕ್ ಅವರ ಕೈಯಲ್ಲಿ ಕೊಟ್ಟು ಕಳಿಸಿ. ಮುಂದಿನ ಸಲ ಅದನ್ನು ತರಲಿ, ಹೊಸ ಪ್ರತಿ ಒಯ್ಯಲಿ.

ಲ್ಯಾಪ್‌ಟಾಪ್ ಇರುವವರು ಒಂದು ವಿಷಯ ಈಗಲೇ ನೋಡಿಟ್ಟುಕೊಳ್ಳಿ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುವುದುಂಟು. ಮದರ್‌ಬೋರ್ಡ್ ಸುಟ್ಟು ಡಿಸ್ಕ್ ಚೆನ್ನಾಗಿದ್ದರೂ 48 ಅಂಕಿಯ ರಿಕವರಿ ಕೀ ಇಲ್ಲದೆ ನಾನು ಒಂದು ಫೋಟೋವನ್ನೂ ತೆಗೆದುಕೊಡಲಾರೆ. ಆ ಕೀ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಾಗದದಲ್ಲಿ ಬರೆದು ಆರ್‌ಸಿ, ಪಾಸ್‌ಬುಕ್ ಇಡುವಲ್ಲೇ ಇಡಿ. ಅಂಗಡಿಯಲ್ಲಿ ಕೂತು ಪಾಸ್‌ವರ್ಡ್ ನೆನಪಾಗದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಬ್ಯಾಕಪ್ ಆಯಿತು ಎಂದ ಮೇಲೆ ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನಾಲ್ಕು ಫೈಲ್ ತೆರೆದು ನೋಡಬೇಕು. ಹೆಸರು ಕಂಡರೆ ಸಾಲದು. ಫೋಟೋ ಪೂರ್ತಿ ಬರಬೇಕು, ಆಡಿಯೋ ಕೊನೆಯವರೆಗೆ ಓಡಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ಕಾಣುತ್ತವೆ. ಅಂಥವರು ಫಾಂಟನ್ನೂ ಅದೇ ಡಿಸ್ಕಿಗೆ ಹಾಕಿಡಿ. ಪುರುಸೊತ್ತಾದಾಗ ಈಗಿನ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸಿ.

ಮೇಷ್ಟ್ರ ಡಿಸ್ಕಿನಿಂದ ಏನೂ ಸಿಗಲಿಲ್ಲ. ಪುಣ್ಯಕ್ಕೆ ಕ್ಯಾಸೆಟ್‌ಗಳನ್ನು ಅವರು ಬಿಸಾಡಿರಲಿಲ್ಲ, ಅಟ್ಟದ ಟ್ರಂಕಿನಲ್ಲಿದ್ದವು. ಇಪ್ಪತ್ತೆರಡರಲ್ಲಿ ಹದಿಮೂರು ಓಡುತ್ತಿವೆ, ಉಳಿದವುಗಳ ಟೇಪಿಗೆ ಬೂಸ್ಟು ಹಿಡಿದಿದೆ. ಆ ಹದಿಮೂರನ್ನು ಮತ್ತೆ ಕಂಪ್ಯೂಟರಿಗೆ ಹಾಕಿದ್ದೇವೆ. ಒಂದು ಪ್ರತಿ ಅವರ ಕಪಾಟಿನಲ್ಲಿದೆ, ಇನ್ನೊಂದನ್ನು ಮಗಳು ಬೆಂಗಳೂರಿಗೆ ಒಯ್ದಿದ್ದಾಳೆ.